ಹಳದಿ ಬಾಟ್ಲು

ನಮ್ಮಕ್ಕ ಮುನಿಗಂಗಮ್ಮ ವರ್ಷಕ್ಕೆ ಐದು ಸಲ ಬಾಟ್ಲು ಹಾಕಿಸಿಕೊಳ್ಳುತ್ತಿದ್ದಳು. ಕಾಯಿಲೆಗಲ್ಲ. ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಹೆಂಗಸರ ಪದ್ಧತಿಯೇ ಅದು. ಹುಳ ದೊಡ್ಡದಾದ ಮೇಲೆ ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು; ಕೂತು ಉಣ್ಣಲು ಪುರುಸೊತ್ತಿಲ್ಲ. ಗೂಡು ನನ್ನ ಲಗೇಜ್ ಆಟೋದಲ್ಲಿ ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಅಕ್ಕ ತಲೆಗೆ ನೀರು ಹಾಕಿಕೊಂಡು, ಒಳ್ಳೇ ಸೀರೆ ಉಟ್ಟು ಕ್ಲಿನಿಕ್ಕಿಗೆ ಹೊರಡುತ್ತಿದ್ದಳು. ಗ್ಲೂಕೋಸ್ ಬಾಟ್ಲಿಗೆ ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚಿದರೆ ನೀರು ಅರಿಶಿನದ ಬಣ್ಣಕ್ಕೆ ತಿರುಗುತ್ತಿತ್ತು. ಅದೇ ಶಕ್ತಿ ಅಂತ ನಾವೆಲ್ಲ ನಂಬಿದ್ದೆವು. ಎರಡು ಗಂಟೆ ಮಂಚದ ಮೇಲೆ ಮಲಗಿ ಎದ್ದು ಬರುತ್ತಿದ್ದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಪ್ಪ ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು. ಮೇಷ್ಟ್ರ ಮೇಲೆ ಸ್ಲೇಟು ಎಸೆದು ನಾಲ್ಕನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಅಕ್ಕ ಬೈಯಲಿಲ್ಲ. ಮೇಷ್ಟ್ರ ಮನೆಗೆ ತಾನೇ ಹೋಗಿ ತಪ್ಪಾಯಿತು ಅಂದು ಬಂದಳು. ನಲವತ್ತು ವರ್ಷ ಹೀಗೇ ನಡೆಯಿತು. ಜಗಳ ಆಡಿಕೊಂಡು ಬರುವವನು ನಾನು, ಹೋಗಿ ಕೈ ಮುಗಿಯುವವಳು ಅವಳು.

ಹೋದ ವರ್ಷ ಮಾವಿನ ಕಾಲದಲ್ಲಿ ಅವಳಿಗೆ ವಾಂತಿ ಭೇದಿ ಶುರುವಾಯಿತು. ಹುಳ ಬಿಟ್ಟು ಬರಲ್ಲ ಅಂತ ಒಂದು ದಿನ ತಳ್ಳಿದಳು. ಮಾರನೇ ಬೆಳಗ್ಗೆ ಕಣ್ಣು ಗುಳಿ ಬಿದ್ದು ಕೈಕಾಲು ತಣ್ಣಗಾಗಿದ್ದವು. ಆಟೋದಲ್ಲಿ ಮಲಗಿಸಿಕೊಂಡು ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಗೆ ಓಡಿಸಿದೆ. ನರ್ಸ್ ಆದಿಲಕ್ಷ್ಮಿ ಎರಡೂ ಕೈಗೆ ಸೂಜಿ ಹಾಕಿ ಎರಡು ಬಾಟ್ಲು ಜೋರಾಗಿ ಬಿಟ್ಟಳು. ಎರಡೂ ಬರೀ ಬಿಳೀ ನೀರು.

“ಏನಮ್ಮ ಇದು?”

“ಸಲೈನು ಅಣ್ಣ. ಉಪ್ಪು ನೀರು.”

“ಸಾಯೋ ಹಂಗಿರೋರಿಗೆ ಉಪ್ಪು ನೀರಾ? ಹಳದಿದು ಹಾಕು.”

“ಹಳದಿದು ವಿಟಮಿನ್ ಬಣ್ಣ ಅಷ್ಟೇ. ಇವ್ರ ಮೈನಲ್ಲಿ ನೀರೂ ಉಪ್ಪೂ ಬತ್ತೋಗಿದೆ. ನಾಡೀನೇ ಸಿಗ್ತಿಲ್ಲ. ಇದು ಬೇಗ ಬೇಗ ಹೋಗ್ಬೇಕು.”

“ಬಡವರು ಅಂತ ನೀರು ಬಿಟ್ಟು ಕೂರಿಸ್ತೀಯಾ? ನಿಮ್ಮನೇರಿಗೆ ಹಿಂಗೇ ಹಾಕ್ತೀಯಾ?”

ಡಾಕ್ಟರು ಬಂದು ಅದನ್ನೇ ಹೇಳಿದರು. ಅವರ ಮೇಲೂ ಕೂಗಾಡಿದೆ. ಹಾಗಾದರೆ ನಿಮ್ಮದೇ ಜವಾಬ್ದಾರಿ ಅಂತ ಬರೆದುಕೊಟ್ಟು ಕರೆದುಕೊಂಡು ಹೋಗಿ ಅಂದರು. ಹೆಸರು ಬರೆಯುವಷ್ಟು ಓದು ನನಗಿತ್ತು, ಬರೆದೆ.

ಆದಿಲಕ್ಷ್ಮಿ ಪೈಪು ಬಿಚ್ಚಿದಳು, ಸೂಜಿ ಮಾತ್ರ ಕೀಳಲಿಲ್ಲ. ಮೇಲೆ ಇನ್ನೊಂದು ಪ್ಲಾಸ್ಟರು ಅಂಟಿಸಿ, “ಇದು ಇರ್ಲಿ ಅಣ್ಣ. ವಾಪಸ್ ಬಂದ್ರೆ ನರ ಸಿಗಲ್ಲ” ಅಂದಳು.

ನಮ್ಮ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಅಕ್ಕ ಕಣ್ಣು ಬಿಟ್ಟಳು. “ಲೇ ಚನ್ನ, ಆ ನೀರು ಒಳಗೆ ಹೋಗ್ತಿದ್ರೆ ಹಾಯಾಗಿತ್ತು ಕಣೋ. ತಿರುಗ್ಸೋ.”

“ಸುಮ್ನಿರಕ್ಕ, ನಿಂಗೇನ್ ಗೊತ್ತು?”

“ಆ ಹುಡುಗೀಗೆ ಹಂಗೆಲ್ಲ ಅಂದ್ಯಲ್ಲೋ. ಇನ್ನ ಅಲ್ಲಿಗೂ ನಾನೇ ಹೋಗ್ಬೇಕು.” ನಗಲು ನೋಡಿದಳು, ತುಟಿ ಒಣಗಿ ಅಂಟಿಕೊಂಡಿತ್ತು.

ಕ್ಲಿನಿಕ್ಕಿನ ಡಾಕ್ಟರು ಕೈ ಹಿಡಿದು ನೋಡಿ ಹಿಂದೆ ಸರಿದರು. “ಇದು ನನ್ನ ಕೈಲಾಗಲ್ಲ ಚನ್ನರಾಯಪ್ಪ, ತಕ್ಷಣ ಅಲ್ಲಿಗೇ ಹೋಗು.” ಮತ್ತೆ ಮುಳಬಾಗಿಲು ಮುಟ್ಟುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಅಕ್ಕ ಮಾತಾಡುತ್ತಿರಲಿಲ್ಲ. ಆದಿಲಕ್ಷ್ಮಿ ನನ್ನನ್ನು ಏನೂ ಕೇಳದೆ ಅದೇ ಸೂಜಿಗೆ ಪೈಪು ಸಿಕ್ಕಿಸಿದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ಕೋಲಾರಕ್ಕೆ.

ಕಿಡ್ನಿ ನಿಂತಿದೆ ಅಂದರು. ಅಲ್ಲಿ ದಿವ್ಯ ಅಂತ ಡಾಕ್ಟರಮ್ಮ. “ದುಬಾರಿ ಬಾಟ್ಲು ಯಾವುದಿದ್ರೂ ಹಾಕಿ ಮೇಡಂ” ಅಂತ ಅವರ ಕಾಲು ಹಿಡಿಯಲು ಹೋದೆ.

“ಪ್ರೋಟೀನ್ ಇರೋದು, ಪಿಷ್ಟದ್ದು, ಉಪ್ಪು ನೀರು, ಎಲ್ಲಾನೂ ಸಾವಿರಾರು ಜನಕ್ಕೆ ಹಾಕಿ ಹೋಲ್ಸಿ ನೋಡಿದಾರೆ. ದುಬಾರೀದ್ರಿಂದ ಹೆಚ್ಚು ಜನ ಉಳೀಲಿಲ್ಲ. ಪಿಷ್ಟದ್ದು ಎಷ್ಟೋ ಜನಕ್ಕೆ ಕಿಡ್ನೀನೇ ಕೆಡಿಸ್ತು. ಉಪ್ಪು ನೀರುಗಳಲ್ಲೇ ಒಂದಕ್ಕಿಂತ ಒಂದು ಸ್ವಲ್ಪ ಮೇಲಿರಬಹುದು, ಅಷ್ಟೇ. ಇವರಿಗೆ ಮೊದ್ಲು ಹಾಕಿದ್ದು ಸರಿಯಾಗೇ ಇತ್ತು, ನಿಲ್ಲಿಸಬಾರದಾಗಿತ್ತು. ಯಾರು ನಿಲ್ಸಿದ್ದು?”



ಮೂರನೇ ದಿನ ಮಧ್ಯಾಹ್ನ ಅಕ್ಕ ಹೋದಳು. ಮೈ ತೊಳೆಯುವಾಗ ಅವಳ ಮಗಳು ಶ್ವೇತ ಕೈ ಮೇಲಿನ ಪ್ಲಾಸ್ಟರಿನ ಅಂಟನ್ನು ಉಜ್ಜಿ ಉಜ್ಜಿ ತೆಗೆದಳು.

ತಿಥಿಯಾದ ಮೇಲೆ ಮುಳಬಾಗಿಲಿಗೆ ಹೋದೆ. ನನ್ನ ಪರವಾಗಿ ಹೋಗುವವರು ಇನ್ನು ಯಾರೂ ಇರಲಿಲ್ಲ. ಆದಿಲಕ್ಷ್ಮಿ ಒಬ್ಬ ಮುದುಕನಿಗೆ ಬಾಟ್ಲು ಬಿಡುತ್ತಿದ್ದಳು, ಸ್ಟ್ಯಾಂಡು ಸಿಗದೆ ಕೈಯಲ್ಲೇ ಎತ್ತಿ ಹಿಡಿದಿದ್ದಳು. ನನ್ನ ಗುರುತು ಹಿಡಿದಳು.

“ಇದನ್ನ ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಅಣ್ಣ” ಅಂದಳು.

ಹಿಡಿದುಕೊಂಡೆ. ಬಿಳೀ ನೀರು. ಅಕ್ಕ ಹೇಳುತ್ತಿದ್ದ ಹಾಗೆಯೇ, “ತಪ್ಪಾಯ್ತಮ್ಮ” ಅಂದೆ.

“ಕೈ ಇಳಿಸ್ಬೇಡಿ, ಅಣ್ಣ” ಅಂದಳು.

ಬಾಟ್ಲು ಖಾಲಿಯಾಗುವ ತನಕ ಇಳಿಸಲಿಲ್ಲ.