ಪೈಲಟ್ ಆಗದೇ ಹೋದ ರೈಟರ್ ಮಗಳು

ಹೋದ ತಿಂಗಳು ನಮ್ಮ ಶಾಲೆಯ ಗೋಡೆಗೆ ಭೂಪಟ ಅಂಟಿಸಲೆಂದು ಅಡುಗೆಯಾಕೆ ಮೈದಾಹಿಟ್ಟಿನ ಅಂಟು ಕಾಯಿಸಿ ತಂದರು. ಆ ಬಿಸಿ ಅಂಟಿನ ಹಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ದೋಣಿಗಲ್ಲಿನ ಕಾಫಿ ಎಸ್ಟೇಟಿನ ಒಂದು ಪುಟ್ಟ ಮುಂಗೋಣೆ ನೆನಪಾಯಿತು. ಗೋಡೆಯ ತುಂಬ ವಿಮಾನದ ಕಾಕ್‌ಪಿಟ್ಟಿನ ದೊಡ್ಡ ಚಿತ್ರ, ಅದರೆದುರು ಎರಡು ಪ್ಲಾಸ್ಟಿಕ್ ಕುರ್ಚಿ...

ಅದು ನಮ್ಮ ಪಕ್ಕದ ಮನೆ. ಎಸ್ಟೇಟಿನ ಆಳುಗಳ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುತ್ತಿದ್ದ ರೈಟರ ಮನೆ. ಅವರ ಒಬ್ಬಳೇ ಮಗಳು ನನ್ನ ಓರಗೆಯವಳು. ಊರಿಗೆಲ್ಲ ಅವಳು ರೈಟರ್ ಮಗಳು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಹೊಸ ಹೊಸ ವಿಮಾನ ಕಂಪನಿಗಳು ಹುಟ್ಟಿ, ಪೈಲಟ್‌ಗಳೇ ಸಾಲದಾಗಿದ್ದರು. ಅವಳು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತಳು, ಲೈಸೆನ್ಸ್ ಪಡೆದಳು, ಒಂದು ಕಂಪನಿಗೆ ಆಯ್ಕೆಯೂ ಆದಳು. ಆ ದಿನ ರೈಟರು ಆಳುಗಳ ಲೈನಿನ ಪ್ರತಿ ಮನೆಗೂ ಸಕ್ಕರೆ ಹಂಚಿದರು.

ಆಯ್ಕೆಯಾದ ಮೇಲೆ ಕಂಪನಿಯ ತರಬೇತಿ. ನೆಲದ ಮೇಲೆಯೇ ನಿಂತು, ಒಳಗೆ ಕೂತವರಿಗೆ ನಿಜವಾದ ವಿಮಾನದಂತೆ ಕುಲುಕಾಡುವ ಸಿಮ್ಯುಲೇಟರ್ ಎಂಬ ಯಂತ್ರದಲ್ಲಿ ಪರೀಕ್ಷೆ. ಮೊದಲ ಸಲ ಅವಳು ಫೇಲಾಗಿ ಊರಿಗೆ ಬಂದಳು. ಹತ್ತು ದಿನಕ್ಕೆ ಇನ್ನೊಂದು ಅವಕಾಶ ಇತ್ತು. ಅದೇ ಕೊನೆಯದು.

"ಏನಾಯ್ತೆ?" ಎಂದು ಕೇಳಿದೆ.

"ಪಕ್ಕದಲ್ಲಿ ವಯಸ್ಸಾದ ಕ್ಯಾಪ್ಟನ್ ಇದ್ರು. ಆರು ಸಾವಿರ ಅಡಿಗಿಂತ ಕೆಳಗೆ ಇಳೀಬೇಡಿ ಅಂತ ರೇಡಿಯೋದಲ್ಲಿ ಬಂತು. ಅವ್ರು ಐದು ಸಾವಿರಕ್ಕೆ ಇಳಿಸ್ಬುಟ್ರು. ನಾನು ನೋಡ್ದೆ ಕಣೆ. ಅಷ್ಟು ಸರ್ವೀಸ್ ಆಗಿರೋರು, ಗೊತ್ತಿಲ್ದೆ ಮಾಡ್ತಾರಾ ಅಂತ ಸುಮ್ನಿದ್ದೆ. ಎದುರಿಗೆ ಗುಡ್ಡ ಬಂತು. ಮಿಷನ್ ನಿಲ್ಲಿಸ್ಬುಟ್ರು."

ಅವಳನ್ನು ಪರೀಕ್ಷಿಸಲು ಆ ಕ್ಯಾಪ್ಟನ್ ಬೇಕೆಂದೇ ತಪ್ಪು ಮಾಡಿದ್ದರಂತೆ. ಹೊಸಬರಲ್ಲಿ ಬಹಳ ಮಂದಿ ಫೇಲಾಗುವುದು ಹಾರಿಸಲು ಬಾರದೆ ಅಲ್ಲ ಎಂದು ಅವಳೇ ಬಿಡಿಸಿ ಹೇಳಿದಳು. ಸಣ್ಣ ವಿಮಾನದಲ್ಲಿ ಒಬ್ಬರೇ ಇರುತ್ತಾರೆ. ದೊಡ್ಡದರಲ್ಲಿ ಇಬ್ಬರು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಲೇಬೇಕು. ಕೆಲವರು ಆ ವೇಗಕ್ಕೆ ಹಿಂದೆ ಬಿದ್ದು, ಬಿದ್ದದ್ದನ್ನು ಮುಚ್ಚಿಡುತ್ತಾರೆ. ಕೆಲವರು ಅರ್ಥವಾಗದ್ದನ್ನು ಕೇಳಲು ನಾಚುತ್ತಾರೆ. ಇವಳು ಕಂಡೂ ಸುಮ್ಮನಿದ್ದಳು.

"ಕೈ ಚೆನ್ನಾಗೈತೆ, ಬಾಯಿಲ್ಲ ಅಂತ ಬರ್ದವ್ರೆ," ಎಂದಳು.

ಹೊರಗೆ ಜಗಲಿಯಲ್ಲಿ ಕೂತಿದ್ದ ರೈಟರಿಗೆ ಇದು ಕೇಳಿಸಿತು. ಎಸ್ಟೇಟಿನ ಯಜಮಾನರು ಜೀಪಿನಿಂದ ಇಳಿದು, ಔಷಧಿ ಹೊಡೆದು ಮುಗಿದಿದ್ದ ಕೆಳಗಿನ ತೋಟಕ್ಕೇ ಮತ್ತೆ ಆಳುಗಳನ್ನು ಕಳಿಸು ಎಂದರೆ, "ಆಗ್ಲಿ ಸಾರ್" ಎಂದು ತಲೆಯಾಡಿಸಿ, ಜೀಪು ತಿರುವು ದಾಟಿದ ಮೇಲೆ ಮೇಲಿನ ತೋಟಕ್ಕೆ ಕಳಿಸುತ್ತಿದ್ದವರು ಅವರು. ಹಾಗೆಯೇ ಇಪ್ಪತ್ತೈದು ವರ್ಷ ಬದುಕಿದ್ದರು.

"ದೊಡ್ಡೋರ್ನ ಎದುರಿಗೆ ತಿದ್ದಬಾರ್ದು ಕಣವ್ವ. ಆಮೇಲೆ ಸರಿ ಮಾಡ್ಕಂಡ್ರಾಯ್ತು," ಎಂದರು.

"ಅಲ್ಲಿ ಆಮೇಲೆ ಅನ್ನೋದೇ ಇಲ್ಲ ಕಣಪ್ಪ," ಎಂದಳು ಅವಳು. ರೈಟರಿಗೆ ಅರ್ಥವಾದಂತೆ ಕಾಣಲಿಲ್ಲ.

ಅವತ್ತೇ ಅಂಟು ಕಾಯಿಸಿ, ಅವಳು ತರಬೇತಿಯಿಂದ ತಂದಿದ್ದ ಆ ಕಾಕ್‌ಪಿಟ್ಟಿನ ಚಿತ್ರವನ್ನು ಗೋಡೆಗೆ ಅಂಟಿಸಿದೆವು. ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನನಗೆ ಪುರುಸೊತ್ತು ಬೇಕಾದಷ್ಟಿತ್ತು. ದಿನಾ ಮಧ್ಯಾಹ್ನ ನಾನು ಕ್ಯಾಪ್ಟನ್. ವಿಮಾನದಲ್ಲಿ ಸಾಲಾಗಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ನಾನು ಓದಬೇಕು, ಅವಳು ಒಂದೊಂದಕ್ಕೂ ಗಟ್ಟಿಯಾಗಿ ಉತ್ತರ ಹೇಳಬೇಕು. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ, ಇಳಿಯುವ ಮುಂಚೆ ಚಕ್ರ ಬಿಡುವ ಸಾಲನ್ನು ನಾನು ಕಣ್ತಪ್ಪಿ ಹಾರಿಸಿ ಓದಿಬಿಟ್ಟೆ. ಅವಳು ತುಟಿ ಬಿಚ್ಚಲಿಲ್ಲ. ಮೆಲ್ಲನೆ ಕೈ ಚಾಚಿ, ಚಿತ್ರದ ಚಕ್ರದ ಹಿಡಿಯ ಮೇಲೆ ಬೆರಳಿಟ್ಟು ಕೆಳಗೆ ಎಳೆದು, ಮುಂದಿನ ಸಾಲಿಗೆ ಕಾದಳು.

ಅನುಮಾನ ಬಂದು ಮರುದಿನ ಬೇಕೆಂದೇ ಇನ್ನೊಂದು ಸಾಲು ಬಿಟ್ಟೆ. ಮತ್ತೆ ಹಾಗೆಯೇ. ತನಗೇ ತಿಳಿಯದಂತೆ ನನ್ನ ತಪ್ಪನ್ನು ಅವಳು ಸದ್ದಿಲ್ಲದೆ ಸರಿಮಾಡುತ್ತಿದ್ದಳು.

ಹೇಳಬೇಕಿತ್ತು... ಆದರೆ ನಿದ್ದೆಯಿಲ್ಲದೆ ಊದಿದ ಕಣ್ಣು, ಕಚ್ಚಿ ಕಚ್ಚಿ ರಕ್ತ ಬಂದ ಉಗುರು ನೋಡಿ ನನಗೆ ಮನಸ್ಸು ಬರಲಿಲ್ಲ. "ಎಲ್ಲ ಸರಿ ಐತೆ. ಪಾಸಾಗ್ತೀಯ ಬಿಡು," ಎಂದೆ. ಅವಳು ನಕ್ಕಳು. ಆ ಹತ್ತು ದಿನಗಳಲ್ಲಿ ನಕ್ಕಿದ್ದು ಅದೊಂದೇ ಸಲ.

ಹೋದವಳು ವಾರಕ್ಕೇ ಹಿಂದಿರುಗಿದಳು. ನನ್ನನ್ನು ನೋಡಿ "ಅದೇ ಕಣೆ, ಮತ್ತೆ" ಎಂದಷ್ಟೇ ಹೇಳಿ, ಗೋಡೆಯ ಚಿತ್ರವನ್ನು ಕಿತ್ತಳು. ಸುಣ್ಣದ ಚಕ್ಕೆಗಳೂ ಜೊತೆಗೆ ಬಂದವು.

ಆಮೇಲಿನ ದಿನಗಳು ಕೆಟ್ಟವು. ಸಕಲೇಶಪುರದ ಬಸ್ಸಿನಲ್ಲಿ ಗುರುತಿನವರು, "ನಮ್ಮುನ್ನ ಯಾವಾಗವ್ವ ಪ್ಲೇನಲ್ಲಿ ಕರ್ಕಂಡೋಗದು?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಅವಳು ಬಸ್ಸು ಹತ್ತುವುದನ್ನೇ ಬಿಟ್ಟಳು. ಕೊನೆಗೆ ಉತ್ತರದ ಯಾವುದೋ ಊರಿನ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದ ಕೆಲಸ ಹಿಡಿದು ಹೊರಟುಹೋದಳು. ನನಗೆ ಎರಡು ಕಾಗದ ಬಂದವು. ಮೂರನೆಯ ವರ್ಷ ಅವಳಿಗೆ ಕಾಮಾಲೆಯಾಯಿತು. ಮೈಗೆ ಹುಷಾರಿಲ್ಲವೆಂದು ಆಫೀಸಿನಲ್ಲಿ ಯಾರಿಗೂ ತಿಳಿಸಿರಲಿಲ್ಲವಂತೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು...

ಶಾಲೆಯಲ್ಲಿ ಭೂಪಟ ಅಂಟಿಸಿದ ವಾರದ ಭಾನುವಾರ ಕೆ. ಹೊಸಕೋಟೆಯ ಬಸ್ಸು ಹತ್ತಿದೆ. ರೈಟರು ಈಗ ಅಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಕಿವಿ ಮಂದವಾಗಿದೆ. ನಾನು ಹತ್ತಿರ ಕೂತೆ. ಅವರು ನನ್ನ ಮುಖ ನೋಡಿ ಕೇಳಿದರು:

"ನನ್ ಮಗ್ಳು ದಡ್ಡಿ ಅಂತ ಎಲ್ರೂ ಅಂದ್ರಲ್ಲವ್ವ. ದಡ್ಡಿನಾ ಅವ್ಳು?"

"ಅಲ್ಲ," ಎಂದೆ. ನಾನು ಬಿಟ್ಟ ಸಾಲುಗಳು, ಅವಳ ಬೆರಳು, ನಾನು ಕಂಡೂ ಹೇಳದೆ ಉಳಿದದ್ದು... ಎಲ್ಲವನ್ನೂ ಅವರ ಕಿವಿಯ ಬಳಿ ಬಾಗಿ, ಒಂದನ್ನೂ ಬಿಡದೆ ಹೇಳಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಸಿಟ್ಟಾಗಲಿಲ್ಲ.

"ನೀನ್ ಹೇಳಿದ್ರೆ ಕೇಳ್ತಿದ್ಲು ಕಣವ್ವ," ಎಂದರು.