ಕ್ಯಾರವಾನಿನ ಗಾಳಿಕಿಂಡಿ

ಅವರ ಬೆರಳಿನ ಗೆಣ್ಣುಗಳು ಹಸಿಶುಂಠಿಯ ಹಾಗೆ ಊದಿಕೊಂಡು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ಕಾಫಿಯ ಕಪ್ಪು ಎತ್ತಲು ಎರಡೂ ಕೈ ಬೇಕಾಗುತ್ತಿತ್ತು. ಅಂಥ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು, ನಾವು ಹಿಂದಿನ ದಿನವಷ್ಟೇ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಹಳೆಯ ಕ್ಯಾರವಾನಿನ ಬಾಗಿಲ ಬಳಿ ಬಂದು ನಿಂತರು. ಬಾಗಿಲ ಚೌಕಟ್ಟಿನ ಪಕ್ಕದ ಮರಕ್ಕೆ ಅದರ ತುದಿಯನ್ನು ಮೆಲ್ಲಗೆ ಒತ್ತಿದರು. ಇಡೀ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು, ಇಡ್ಲಿಗೆ ಚಮಚ ಹೋದ ಹಾಗೆ. ಹೊರಗೆಳೆದಾಗ ತುದಿಯಲ್ಲಿ ಕಪ್ಪು ರಾಡಿ ಅಂಟಿತ್ತು.

"ಎಲ್ಲಾ ಕೊಳೆತಿದೆ," ಎಂದರು. ಇವರ ಮುಖ ನೋಡಲಾಗಲಿಲ್ಲ.

ಇವರೆಂದರೆ ನನ್ನ ಗಂಡ. ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುವ ಕೆಲಸ. ವಯಸ್ಸಿನಲ್ಲಿ ತಮಗಿಂತ ಹಿರಿದಾದ ಆ ಕ್ಯಾರವಾನನ್ನು, ಚಕ್ರದ ಮೇಲಿನ ಆ ಪುಟ್ಟ ಮನೆಯನ್ನು, ಇಂಟರ್ನೆಟ್ಟಿನಲ್ಲಿ ನೋಡಿ ಮರುಳಾಗಿ, ಗೆಳೆಯರೊಬ್ಬರ ಕಾರಿನ ಹಿಂದೆ ಕಟ್ಟಿಸಿಕೊಂಡು ಮನೆಗೆ ತಂದಿದ್ದರು. ಕೆನೆಬಣ್ಣದ ಮೈ, ಹೊಟ್ಟೆಯ ಸುತ್ತ ತಿಳಿಹಸಿರು ಪಟ್ಟಿ. ಒಳಗೆ ಎರಡು ಬೆಂಚು, ಒಂದು ಪುಟ್ಟ ಒಲೆ, ಒಂದು ಗ್ಯಾಸ್ ಹೀಟರ್. ಬಣ್ಣ ಹೊಡೆದರೆ ಮುಗಿಯಿತು ಎಂದುಕೊಂಡಿದ್ದೆವು.

ಸ್ಕ್ರೂಡ್ರೈವರಿನವರು ಪಕ್ಕದ ಮನೆಯವರು. ಗೊಥೆನ್‌ಬರ್ಗಿನ ಹೊರವಲಯದಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು ನಮ್ಮವು. ಅವರ ಅಂಗಳಕ್ಕೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗಿಡಗಳ ಬೇಲಿ. ಎಪ್ಪತ್ತೈದು ದಾಟಿತ್ತು, ಒಬ್ಬರೇ ಇದ್ದರು. ದೋಣಿ ಕಟ್ಟುವಲ್ಲಿ ಬಡಗಿಯಾಗಿದ್ದವರು. ಸ್ವೀಡನ್ನಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ನಾಲಿಗೆ ಹೊರಳಲಿಲ್ಲ. ಅಜ್ಜ ಎಂದೆ. ಹಾಗೆಂದರೇನು ಎಂದು ಕೇಳಿದರು. ಹೇಳಿದೆ. "ಆಗಲಿ," ಎಂದರು.

ಅವರು ಹುಟ್ಟಿದ್ದು ಸ್ವೀಡನ್ನಿನ ಬಡಗಣದ ತುದಿಯಲ್ಲಿ. ಅಲ್ಲಿಯವರು 'ಹೌದು' ಎನ್ನಲು ಬಾಯಿ ತೆರೆಯುವುದಿಲ್ಲ, ಉಸಿರನ್ನು ಸರ್‍ರನೆ ಒಳಗೆಳೆದುಕೊಳ್ಳುತ್ತಾರೆ. ಮೊದಲ ಸಲ ಕೇಳಿದಾಗ ಎದೆನೋವು ಬಂದಿತೇನೋ ಎಂದು ನಾನು ಓಡಿಹೋಗಿ ಕುರ್ಚಿ ತಂದಿದ್ದೆ. ಆ ಕುರ್ಚಿಯ ಮೇಲೆ ಅವರು ಬೇಸಿಗೆಯಿಡೀ ಕೂತರು. ದಿನಾ ಬೆಳಿಗ್ಗೆ ಎಂಟಕ್ಕೆ ಬೇಲಿಯ ಸಂದಿನಿಂದ ದಾಟಿ ಬಂದು ಬಾಗಿಲ ಎದುರಿಗೆ ಕೂತು, ಒಳಗೆ ಕೆಲಸ ಮಾಡುವ ನನಗೆ ಹೇಳಿಕೊಡುತ್ತಿದ್ದರು.

ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬಂತು. ಇವರಿಗೆ ಆಫೀಸು, ಮಕ್ಕಳಿಗೆ ಶಾಲೆ, ರಜೆಯಲ್ಲಿ ಆಟ. ಊರಲ್ಲಿ ಹಾವೇರಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ನಾನು ಇಲ್ಲಿ ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ತರಗತಿಯಲ್ಲಿ ಸಂಜೆ ಎರಡು ಗಂಟೆ ಕೂತು ಬರುವವಳು. ಹಗಲೆಲ್ಲ ಬಿಡುವು. ಅಜ್ಜ ಕಲಿಸಿದ ಸ್ವೀಡಿಷ್‌ನಲ್ಲಿ ನನಗೆ ಮೊದಲು ಬಂದ ಪದಗಳು ಮೊಳೆ, ತೇವ, ಹಲಗೆ, ಮತ್ತೆ ಬಿಚ್ಚು. 'ಮತ್ತೆ ಬಿಚ್ಚು' ಎಂಬುದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಒಳಗಿನ ರಟ್ಟಿನಂಥ ಗೋಡೆ ಕಿತ್ತೆವು, ಅದರ ಹಿಂದಿನ ಮರದ ಕಡ್ಡಿಗಳನ್ನು ಒಂದೊಂದಾಗಿ ಬದಲಾಯಿಸಿದೆವು, ಕಿಟಕಿಗಳನ್ನು ತೆಗೆದು ಮೂರು ವಾರ ಉಜ್ಜಿ ಹೊಳಪಿಸಿ ಹೊಸ ರಬ್ಬರು ಹಾಕಿ ಕೂರಿಸಿದೆವು. ಹೊರಗಿನ ಕೆಲಸಕ್ಕೆಲ್ಲ ಅವರ ಕೈ ಇತ್ತು. ಏಣಿ ಹತ್ತಿ ಮಾಡಿನ ಮೇಲೆ ಮಲಗಿ ಬಿರುಕುಗಳನ್ನೂ ಮುಚ್ಚಿದರು. ಒಳಗೆ ಮಾತ್ರ ಒಂದು ದಿನವೂ ಕಾಲಿಡಲಿಲ್ಲ. ಮೆಟ್ಟಿಲು ಎತ್ತರ, ಮೊಣಕಾಲು ನೋವೇನೋ ಎಂದುಕೊಂಡೆ. ಏಣಿ ಹತ್ತುವವರಿಗೆ ಒಂದು ಮೆಟ್ಟಿಲು ಯಾಕೆ ಹತ್ತಲಾಗದು ಎಂದು ಯೋಚಿಸಲಿಲ್ಲ.

ಹೀಟರಿನ ಮಾತು ಬಂದಾಗ ಅವರ ದನಿ ಬದಲಾಗುತ್ತಿತ್ತು. "ಅದನ್ನು ಮುಟ್ಟಬೇಡಿ. ಕೊನೆಗೆ ಗ್ಯಾಸಿನವನನ್ನು ಕರೆಸೋಣ," ಎಂದು ಇವರಿಗೂ ನನಗೂ ಬೇರೆ ಬೇರೆಯಾಗಿ ಹೇಳಿದ್ದರು.

ಸೆಪ್ಟೆಂಬರ್ ಕೊನೆಗೆ ಚಳಿ ಶುರುವಾಯಿತು. ಒಳಗೆ ಕೂತು ಪರದೆ ಹೊಲಿಯುವಾಗ ಕಾಲಿಗೆ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ನೋಡಿದರೆ ಬೆಂಚಿನ ಕೆಳಗೆ ನೆಲದಲ್ಲಿ ಅಂಗೈಯಗಲದ ಒಂದು ಕಿಂಡಿ, ಮೇಲೆ ತುಕ್ಕು ಹಿಡಿದ ಜಾಲರಿ. ಇಲಿಯೂ ಬರಬಹುದು ಅನ್ನಿಸಿತು. ಅಜ್ಜ ಅಂದು ದಂತವೈದ್ಯರಲ್ಲಿಗೆ ಹೋಗಿದ್ದರು. ಉಳಿದಿದ್ದ ಪ್ಲೈವುಡ್ಡಿನ ತುಂಡನ್ನು ಅಳತೆಗೆ ಕೊಯ್ದು, ಸುತ್ತ ಅಂಟು ತುಂಬಿ, ನಾಲ್ಕು ಸ್ಕ್ರೂ ಬಿಗಿದೆ. ಯಾರನ್ನೂ ಕೇಳದೆ ನಾನೊಬ್ಬಳೇ ಮಾಡಿ ಮುಗಿಸಿದ ಮೊದಲ ಕೆಲಸ ಅದು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಬೆರಳಾಡಿಸಿ ಆಡಿಸಿ ನೋಡಿದೆ.

ಅದಾಗಿ ಎರಡು ವಾರಕ್ಕೆ ಒಂದು ಶನಿವಾರ ಮಧ್ಯಾಹ್ನ ಜೋರು ಮಳೆ. ಕ್ಯಾರವಾನಿನಲ್ಲೇ ಫೀಕಾ ಮಾಡೋಣ ಎಂದು ಮಕ್ಕಳು ಹಟ ಹಿಡಿದರು. ಹತ್ತು ವರ್ಷದ ಸನಾ, ಆರು ವರ್ಷದ ಅಯಾನ್. ಫೀಕಾ ಎಂದರೆ ಇಲ್ಲಿ ಕಾಫಿ, ತಿಂಡಿ, ಹರಟೆ ಎಲ್ಲ ಸೇರಿದ್ದು. ನಾನು ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದೆ. ಮಕ್ಕಳಿಗೆ ಚಳಿಯಾಗುತ್ತದೆಂದು ಇವರು ಹೀಟರ್ ಹಚ್ಚಿದರು. ಉರಿಯಿತಲ್ಲ ಎಂದು ಖುಷಿಯಾಗಿ ನನಗೆ ಬಂದು ಹೇಳಿದರು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ಮಾತಾಡುತ್ತಾ ಮಹಡಿಗೆ ಹೋದರು. "ಎರಡನೇ ಘಾಣದ ಭಜಿ ಕರಿದಾಗಲಿ, ತಗೊಂಡು ಹೋಗ್ತೀನಿ" ಎಂದು ನಾನು ಎಣ್ಣೆಯ ಮುಂದೆಯೇ ನಿಂತೆ.

ಗಾಜು ಒಡೆದ ಸದ್ದು ಕೇಳಿ ಕಿಟಕಿಯಿಂದ ನೋಡಿದೆ. ಅಜ್ಜ ನಮ್ಮ ಅಂಗಳದಲ್ಲಿದ್ದರು. ಕಾಡಿನಿಂದ ಆಯ್ದು ತಂದ ಅಣಬೆಯ ಬುಟ್ಟಿ ನೆಲದ ಮೇಲೆ ಉರುಳಿತ್ತು. ಎರಡೂ ಕೈಯಲ್ಲಿ ಕಲ್ಲು ಎತ್ತಿ, ಮೂರು ವಾರ ಉಜ್ಜಿದ ಆ ಕಿಟಕಿಯನ್ನು ಜಜ್ಜುತ್ತಿದ್ದರು.

ನಮ್ಮ ಮನೆಯಲ್ಲಿ ಉರ್ದುವೂ ನಡೆಯುತ್ತದೆ, ಕನ್ನಡವೂ ನಡೆಯುತ್ತದೆ. ಸಿಟ್ಟು ಬಂದರೆ ಮಾತ್ರ ನನಗೆ ಹಾವೇರಿಯ ಕನ್ನಡವೇ. ಬರಿಗಾಲಲ್ಲಿ ಮಳೆಗೆ ಓಡಿ, "ತಲಿ ಕೆಟ್ಟೈತೇನು ನಿಮಗ? ಏನ್ ಮಾಡಾಕತ್ತೀರಿ?" ಎಂದು ಕಿರುಚಿ ಅವರ ಅಂಗಿ ಹಿಡಿದು ಎಳೆದೆ. ಅವರು ನನ್ನನ್ನು ಮೊಣಕೈಯಿಂದ ತಳ್ಳಿದರು. ನಾನು ಕೆಸರಿಗೆ ಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ. ಅಯಾನ್ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ ಬಾಗಿಲನ್ನು ಬಿಟ್ಟು, ಒಡೆದ ಕಿಟಕಿಯೊಳಗೆ ಅವರು ಸೊಂಟದವರೆಗೆ ತೂರಿಕೊಂಡಿದ್ದರು. ಹೊರಗೆ ಬಂದಾಗ ಅವರ ತೋಳಲ್ಲಿ ಸನಾ ಇದ್ದಳು. ಅವಳ ತಲೆ ಹಿಂದಕ್ಕೆ ಜೋತುಬಿದ್ದಿತ್ತು. ಕೆನ್ನೆಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು.

ಆ ಬಣ್ಣ ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಪಾಠ ಮಾಡಿದ್ದೆ. ಗಾಳಿ ಸಾಲದ ಉರಿ, ಕಾರ್ಬನ್ ಮೊನಾಕ್ಸೈಡ್, ಅದು ರಕ್ತಕ್ಕೆ ಅಂಟಿಕೊಳ್ಳುವ ರೀತಿ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ನನ್ನ ಮಗಳ ಮುಖದಲ್ಲಿ ಅದನ್ನು ಕಂಡು ಕೆಸರಿನಲ್ಲೇ ತೆವಳಿಕೊಂಡು ಅವಳ ಬಳಿ ಹೋದೆ. ಕಿಟಕಿಯಲ್ಲಿ ಹಳದಿ ಉರಿ ಕಂಡು ಅವರು ಕಲ್ಲೆತ್ತಿದ್ದರು; ನೀಲಿಯಿರಬೇಕಾದ ಉರಿ ಹಳದಿಯಾಗಿದ್ದರ ಅರ್ಥ ಅವರಿಗೆ ಗೊತ್ತಿತ್ತು. ಅಯಾನ್‌ನನ್ನೂ ಎಳೆದು ಹಾಕಿದರು. ಅವನು ವಾಂತಿ ಮಾಡಿಕೊಂಡು ಅತ್ತ. ಸನಾ ಅಳಲಿಲ್ಲ. ಇವರು ಫೋನು ಕಿವಿಯಲ್ಲಿಟ್ಟುಕೊಂಡೇ ಕೆಳಗಿಳಿದು ಬಂದು ನಿಂತರು, ಆ ಕಡೆಯವರು ಇನ್ನೂ ಮಾತಾಡುತ್ತಲೇ ಇದ್ದರು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಸನಾ ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. "ಇನ್ನು ಸ್ವಲ್ಪ ಹೊತ್ತಾಗಿದ್ದರೆ," ಎಂದು ಶುರುಮಾಡಿದ ಡಾಕ್ಟರ್ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಇವರು ಮಕ್ಕಳ ಜೊತೆ ಉಳಿದರು. ಬಟ್ಟೆ ತರಲು ನಾನು ಮನೆಗೆ ಬಂದೆ. ಅಜ್ಜ ಕ್ಯಾರವಾನಿನ ಪಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದರು. ಒಡೆದ ಕಿಟಕಿಗೆ ಹಲಗೆ ಬಡಿದಾಗಿತ್ತು. ಅವರ ಕೈಗೆ ಬ್ಯಾಂಡೇಜು.

"ಆ ಕಿಂಡಿ ಮುಚ್ಚಿದವಳು ನಾನು," ಎಂದೆ. ರಾತ್ರಿಯೆಲ್ಲ ಸ್ವೀಡಿಷ್‌ನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತು.

ಉಸಿರು ಒಳಗೆಳೆದುಕೊಂಡರು. ಗೊತ್ತು ಎಂದು.

"ಮೊದಲೇ ಗೊತ್ತಿತ್ತೇ?"

"ಇಲ್ಲ. ಬಾಗಿಲಿನಿಂದ ಅದು ಕಾಣುವುದಿಲ್ಲ. ಇವತ್ತು ಹೊರಗಿನಿಂದ ಗಾಡಿಯ ಅಡಿಗೆ ತೂರಿ ನೋಡಿದೆ, ನಾವು ತಂದ ಪ್ಲೈವುಡ್ಡೇ." ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನತ್ತ ಚಾಚಿದರು. "ನೀನೇ ತೆಗೆಯಬೇಕು. ಬೇರೆ ಯಾರಾದರೂ ತೆಗೆದರೆ ನಿನ್ನ ಪಾಲಿಗೆ ಅದು ಮುಚ್ಚಿಯೇ ಇರುತ್ತದೆ."

ನಾಲ್ಕೇ ಸ್ಕ್ರೂ. ಒಂದು ಗಂಟೆ ಹಿಡಿಯಿತು. ಸ್ಕ್ರೂಡ್ರೈವರ್ ಮತ್ತೆ ಮತ್ತೆ ಜಾರುತ್ತಿತ್ತು, ನಡುವೆ ಎರಡು ಸಲ ಹೊರಗೆ ಬಂದು ಕೂತೆ. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಹಲಗೆ ಕಿತ್ತು ತಂದು ಅವರ ಕೈಗಿಟ್ಟಾಗ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ಬೇಲಿ ದಾಟಿದರು.

ಅಂದು ಸಂಜೆ ಮಕ್ಕಳಿಬ್ಬರನ್ನೂ ಮನೆಗೆ ಕಳಿಸಿದರು; ಇವರು ಆಸ್ಪತ್ರೆಯಿಂದ ಬಂದವರೇ ನೇರ ಕ್ಯಾರವಾನಿಗೆ ಹೋದರು. ಅಂಟಿನ ಗುರುತು ಕಂಡು, "ಇದನ್ನು ಯಾರೋ ಮುಚ್ಚಿದ್ದ ಹಾಗಿದೆಯಲ್ಲ?" ಎಂದು ಬಾಗಿಲಾಚೆ ನಿಂತಿದ್ದ ಅಜ್ಜನನ್ನು ಕೇಳಿದರು. ನಾನು ಅಲ್ಲೇ ಇದ್ದೆ.

"ಹಳೆಯ ಮಾಲೀಕ ಮುಚ್ಚಿರಬೇಕು," ಎಂದರು ಅಜ್ಜ. "ನಾನು ನೋಡಬೇಕಿತ್ತು. ತಪ್ಪು ನನ್ನದು."

ಬೇಲಿ ಕತ್ತರಿಸುವಾಗ ಎರಡು ಇಂಚು ಹೆಚ್ಚಾದರೂ ಬಂದು ಹೇಳಿ ಕ್ಷಮೆ ಕೇಳುವ ಮನುಷ್ಯ. ಅವರ ಬಾಯಲ್ಲಿ ಸುಳ್ಳು ಕೇಳಿ ನಾನು ದಂಗಾಗಿ ನಿಂತೆ. 'ಅಲ್ಲ, ಮುಚ್ಚಿದ್ದು ನಾನು' ಎನ್ನಬೇಕಿತ್ತು. ಅನ್ನಲಿಲ್ಲ.

ಕ್ಯಾರವಾನನ್ನು ಗುಜರಿಗೆ ಹಾಕುತ್ತೇವೆ ಎಂದು ಇವರು ಹೊರಟಾಗ ತಡೆದವರು ಅಜ್ಜನೇ. "ಮಕ್ಕಳು ಇದರಲ್ಲಿ ಒಂದು ಬೇಸಿಗೆ ಕಳೆಯಲಿ. ಇಲ್ಲದಿದ್ದರೆ ಅವರಿಗೆ ನೆನಪಿರುವುದು ಅದೊಂದೇ," ಎಂದರು. ಗ್ಯಾಸಿನವನನ್ನು ಕರೆಸಿ ಹೀಟರ್ ಕಿತ್ತು ಹಾಕಿಸಿದರು. ಮರುವರ್ಷ ಜೂನಿನಲ್ಲಿ ಪಶ್ಚಿಮ ಕರಾವಳಿಗೆ ಹೋದೆವು, ಹನ್ನೆರಡು ದಿನ. ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ. ಅಂಗಳದ ತುದಿಯಲ್ಲಿ ನಿಂತು ಕೈಯೆತ್ತಿ ಕಳಿಸಿಕೊಟ್ಟರು.

ಅದರ ಮುಂದಿನ ಚಳಿಗಾಲ ಅವರು ತೀರಿಕೊಂಡರು. ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಉತ್ತರದಿಂದ ಬಂದ ಅವರ ತಂಗಿ ನಮ್ಮ ಬಾಗಿಲು ತಟ್ಟಿ ಹೇಳಿದಾಗ, ಮಣ್ಣು ಎಷ್ಟು ಹೊತ್ತಿಗೆ ಎಂದು ಇವರು ಕೇಳಿದರು. ಐದು ವಾರ ಬಿಟ್ಟು ಎಂದು ಉತ್ತರ ಬಂತು. ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಮಣ್ಣಿಗೆ ಕೊಡುವವರು ನಾವು. ಆ ಐದು ವಾರ ಇವರು ದಿನಾ, "ಇನ್ನೂ ಹಾಗೇ ಇಟ್ಟಿದಾರಲ್ಲ ಅವ್ರನ್ನ," ಎಂದು ಚಡಪಡಿಸಿದರು.

ಚರ್ಚಿನ ಸಣ್ಣ ಕೋಣೆಯಲ್ಲಿ ಒಟ್ಟು ಒಂಬತ್ತು ಜನ, ಅದರಲ್ಲಿ ನಾವೇ ನಾಲ್ವರು. ಎಲ್ಲ ಮುಗಿದ ಮೇಲೆ ಕಾಫಿ ಕೊಟ್ಟರು. ಇವರು ಮಕ್ಕಳನ್ನು ಕರೆದುಕೊಂಡು ಕಾರಿಗೆ ಹೋದರು. ಅಜ್ಜನ ತಂಗಿ ನನ್ನ ಪಕ್ಕ ಬಂದು ಕೂತು ಬಾಗಿಲತ್ತಲೇ ನೋಡುತ್ತಿದ್ದರು.

"ಕ್ಯಾರವಾನಿನ ಮಕ್ಕಳು ಅವರೇ ಅಲ್ಲವೇ?"

ಹೌದು ಎಂದೆ.

"ಅವನು ನಿನಗೆ ಹೇಳಿದ್ದನೇ, ಅವನ ಮಗನ ವಿಷಯ?"

ಅಜ್ಜನಿಗೆ ಮಗನಿದ್ದದ್ದೇ ನನಗೆ ಗೊತ್ತಿರಲಿಲ್ಲ.

"ಒಬ್ಬನೇ ಮಗ. ಹತ್ತೊಂಬತ್ತು ವರ್ಷ. ಹಳೆಯ ಕ್ಯಾರವಾನ್ ಒಂದನ್ನು ಅಪ್ಪ ಮಗ ಸೇರಿ ರಿಪೇರಿ ಮಾಡಿದ್ದರು. ಮಾರ್ಚಿನಲ್ಲಿ ಹುಡುಗ ಮೀನು ಹಿಡಿಯಲು ಹೋದ. ನಮ್ಮ ಕಡೆ ಆಗ ಸರೋವರ ಇನ್ನೂ ಹೆಪ್ಪುಗಟ್ಟಿರುತ್ತದೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರೆ. ಚಳಿಯಾಗದಿರಲಿ ಎಂದು ಅಪ್ಪನೇ ನೆಲದ ಕಿಂಡಿಗೆ ಹಲಗೆ ಬಡಿದು ಕಳಿಸಿದ್ದ." ಅವರು ಕಪ್ಪನ್ನು ಬಸಿಯ ಮೇಲೆ ತಿರುಗಿಸಿದರು. "ಮೂರು ದಿನ ಬಿಟ್ಟು ಸಿಕ್ಕಿದ. ಹಾಸಿಗೆಯಲ್ಲಿ ಮಲಗಿದ ಹಾಗೇ ಇದ್ದ."

ನನ್ನ ಕೈಯಲ್ಲಿದ್ದ ಕೇಕಿನ ತಟ್ಟೆ ಎಲ್ಲಿಟ್ಟೆನೋ ನೆನಪಿಲ್ಲ. ಆ ಕುರ್ಚಿ, ಆ ಬಾಗಿಲು, ಬೇಸಿಗೆಯ ಅಷ್ಟೂ ಬೆಳಗುಗಳು. ಒಳಗೆ ಕಾಲಿಡಲಾರದ ಮನುಷ್ಯ ಅದರ ಎದುರಿಗೆ ಹೇಗೆ ಕೂತಿರುತ್ತಿದ್ದರು?

"ಮತ್ತೆ ನಮ್ಮದಕ್ಕೆ ಯಾಕೆ ಬಂದರು?" ಎಂದು ಕೇಳಿದೆ.

"ನಾನೂ ಫೋನಿನಲ್ಲಿ ಬೈದೆ. ಅವರು ಹೇಗಿದ್ದರೂ ಮಾಡುತ್ತಾರೆ, ನಾನು ಹತ್ತಿರ ಇದ್ದರೆ ಒಳ್ಳೆಯದು ಎಂದ."

ನಾನು ಬಿಗಿದ ಹಲಗೆಯ ವಿಷಯವನ್ನು ಅಜ್ಜ ತಂಗಿಗೂ ಹೇಳಿರಲಿಲ್ಲ ಎಂದು ಮಾತಿನಿಂದಲೇ ತಿಳಿಯಿತು. ಯಾರಿಗೂ ಹೇಳದೆ ಹೋಗಿದ್ದರು.

ಮನೆಗೆ ಹೋಗುವಾಗ ಕಾರಿನಲ್ಲಿ, ಮಕ್ಕಳಿಗೆ ಕೇಳದ ಹಾಗೆ ದನಿ ತಗ್ಗಿಸಿ, ತಂಗಿ ಹೇಳಿದ್ದನ್ನೆಲ್ಲ ಇವರಿಗೆ ಹೇಳಿದೆ. ಕೊನೆಗೆ, "ನಮ್ಮ ಕಿಂಡಿ ಮುಚ್ಚಿದ್ದು ಹಳೇ ಮಾಲೀಕ ಅಲ್ಲ. ನಾನು," ಎಂದೆ.

ಇವರು ಬಸ್ ನಿಲ್ದಾಣದ ಪಕ್ಕ ಕಾರು ನಿಲ್ಲಿಸಿದರು. ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ.

"ಒಂದೂವರೆ ವರ್ಷ ಆಯ್ತು," ಎಂದರು.

"ಹೂಂ."

"ಅವ್ರು ಮುಟ್ಟಬೇಡ ಅಂದಿದ್ರು. ಆದ್ರೂ ಹೀಟರ್ ಹಚ್ಚಿದ್ದು ನಾನು. ಬಾಗಿಲು ಹಾಕ್ಕೊಳ್ಳಿ, ಗಾಳಿ ಬರುತ್ತೆ ಅಂತ ಮಕ್ಕಳಿಗೆ ಹೇಳಿದ್ದೂ ನಾನೇ. ಅದನ್ನ ನಿನಗೂ ಹೇಳಿರಲಿಲ್ಲ."

ಹಿಂದಿನ ಸೀಟಿನಿಂದ ಸನಾ ಸ್ವೀಡಿಷ್‌ನಲ್ಲಿ ಕೇಳಿದಳು, ಏನಾಯಿತು, ಯಾಕೆ ನಿಲ್ಲಿಸಿದಿರಿ, ನೀವಿಬ್ಬರೂ ಯಾಕೆ ಅಳುತ್ತಿದ್ದೀರಿ ಎಂದು.

"ಏನಿಲ್ಲಮ್ಮ, ಮನೆಗೆ ಹೋಗೋಣ," ಎಂದರು ಇವರು.

"ಬೇಡ," ಎಂದೆ. "ಇಲ್ಲೇ ಹೇಳೋಣ."

ನಾನು ಹಿಂದಕ್ಕೆ ತಿರುಗಿ ಕೂತೆ, ಮೊದಲಿನಿಂದ ಹೇಳತೊಡಗಿದೆ.