ರೊಟ್ಟಿ ಬಡಿಯುವ ಗಿಣಿ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಸಿಗದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಅಪ್ಪನ ಕೆಮ್ಮು, ಅಕ್ಕ ಮೂಗೆಳೆಯುತ್ತ ಅಳುವ ರಾಗ, ಗುರುಗಳ ಆಕಳಿಕೆ, ಎಮ್ಮೆಯ ನಿಟ್ಟುಸಿರು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದಿದ್ದರೆ ಪೆಟ್ಟು ತಿಂದು ಓಡುವ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ನನ್ನನ್ನು ಮೀರಿಸುವ ನಕಲಿಗಾರ ಒಂದು ಮುಂಜಾನೆ ಭೂಸನೂರ ಕಡೆಯ ಕಬ್ಬಿನ ಹೊಲದಿಂದ ಹಾರಿ ಬಂದು ಅಪ್ಪನ ರುಮಾಲಿನ ಮೇಲೆ ಕೂತ.

ಅದೊಂದು ಗಿಣಿ. ಕಾಲಿಗೆ ಕೆಂಪು ದಾರ ಕಟ್ಟಿತ್ತು. ಮನುಷ್ಯರಿಗೆ ಹೆದರುತ್ತಿರಲಿಲ್ಲ. ಯಾರೋ ಸಾಕಿದ ಹಕ್ಕಿ ದಾರಿ ತಪ್ಪಿ ಬಂದಿತ್ತು. ತುಂಬಿದ ಕೊಡ ಹೊತ್ತವನಂತೆ ಅಪ್ಪ ತಲೆ ಅಲುಗಿಸದೆ ಮನೆತನಕ ನಡೆದು ಬಂದ.

ಹಸಿಮೆಣಸಿನಕಾಯಿ ಕೊಟ್ಟೆವು, ಪೇರಲ ಕೊಟ್ಟೆವು, ಎಳೆ ಜೋಳದ ತೆನೆ ಕೊಟ್ಟೆವು. ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ರೆಕ್ಕೆ ಜೋತುಬಿದ್ದವು, ಕಣ್ಣು ಮುಚ್ಚಿಮುಚ್ಚಿ ಬರುತ್ತಿತ್ತು. ಹೀಗೇ ಆದರೆ ಉಳಿಯುವುದಿಲ್ಲ ಎಂದು ಅಪ್ಪ ಮೆಲ್ಲಗೆ ಹೇಳಿದ. ಅಕ್ಕ ಅತ್ತಳು. ಅವತ್ತು ನಾನು ಅವಳ ರಾಗ ತೆಗೆಯಲಿಲ್ಲ.

ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಾಗ ಗಿಣಿ ಕಣ್ಣು ತೆರೆಯಿತು. ಕತ್ತು ಓರೆ ಮಾಡಿ ಕೇಳಿತು. ಆಮೇಲೆ ಗಂಟಲೊಳಗಿಂದ ತಾನೇ ಸದ್ದು ತೆಗೆಯಿತು. ಟಪಟಪಟಪ... ತುಸು ಸುಮ್ಮನಾಗಿ, ಟಪ್, ಟಪ್. ಮತ್ತೆ ಅದೇ. ಅವ್ವನ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

"ಇದು ರೊಟ್ಟಿ ಬಡ್ಯೂ ಸಪ್ಪಳ ಲೇ. ಆದ್ರ ನಂದಲ್ಲ. ಒಬ್ಬೊಬ್ಬಾಕಿ ಕೈ ಒಂದೊಂದು ನಮೂನಿ ಇರ್ತದ. ಇದರ ಮನ್ಯಾಕಿ ನಡುವ ಯಾಕೋ ನಿಲ್ತಾಳ," ಎಂದಳು.

ನಾನು ಬಿಡುತ್ತೇನೆಯೇ? ಮಣೆಯ ಮೇಲೆ ಅದೇ ಬಡಿತ ಬಡಿದು ಪೇರಲ ಚಾಚಿದೆ. ಗಿಣಿ ಓಡಿ ಬಂತು. ನನ್ನ ಮಾರಿ ನೋಡಿ ಬೆನ್ನು ತಿರುಗಿಸಿತು. ಅಷ್ಟು ಸ್ಪಷ್ಟವಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಆದರೂ ಬಡಿತ ಕೈಗೆ ಬಂದಿತ್ತು. ಸುತ್ತಲಿನ ಹಳ್ಳಿಯ ಹೆಂಗಸರೆಲ್ಲ ಜೋಳ ಬೀಸಿಸಲು ಬರುವ ಗಿರಣಿಗೆ ಓಡಿದೆ. ಯಾರಾದರೂ ಗುರುತು ಹಿಡಿದಾರೆಂದು ಖಾಲಿ ಡಬ್ಬಿ ಬೋರಲು ಹಾಕಿ ಬಡಿದೆ. ಇವಗ ಲಗೂ ಲಗ್ನ ಮಾಡ್ರಿ, ಹೆಂಡತಿಗಿ ಇವನೇ ರೊಟ್ಟಿ ಬಡ್ದು ಹಾಕ್ತಾನ ಎಂದು ಎಲ್ಲರೂ ನಕ್ಕರು. ಜಿಡಗಾದಿಂದ ಬಂದಿದ್ದ ಒಬ್ಬಾಕೆ ಮಾತ್ರ ನಗಲಿಲ್ಲ.

"ಇದು ನಮ್ಮತ್ತಿ ಕೈ. ಎಲ್ಲಿ ಕೇಳ್ದಿ, ತಮ್ಮಾ?"

ಸಂಜೆಯೊಳಗೆ ಆ ಅತ್ತೆ ಎತ್ತಿನ ಗಾಡಿಯಲ್ಲಿ ಬಂದಳು. ಹಣ್ಣು ಮುದುಕಿ. ಎಡಗೈಗೆ ಲಕ್ವ ಹೊಡೆದು ಅದು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನೇರ ಅವ್ವನ ಒಲೆ ಮುಂದೆ ಕೂತು ಬಲಗೈಯಿಂದ ರೊಟ್ಟಿ ಬಡಿದಳು. ಟಪಟಪಟಪ. ತಿರುಗಿಸಲು ಇನ್ನೊಂದು ಕೈ ಇಲ್ಲದೆ ಬಡಿತ ನಿಲ್ಲಿಸಿದಳು. ಅದೇ ಕೈಯಿಂದ ತಿರುಗಿಸಿಕೊಂಡು ಮತ್ತೆ ಟಪ್, ಟಪ್. ಮುದುಡಿ ಬಿದ್ದಿದ್ದ ಗಿಣಿ ಎದ್ದಿತು. ಅವಳ ಹೆಗಲೇರಿ ಅವಳ ಬಡಿತಕ್ಕೆ ತನ್ನ ಬಡಿತ ಸೇರಿಸಿತು. ಅವಳು ನಿಂತಲ್ಲಿ ಅದೂ ನಿಂತಿತು. ಬಿಸಿ ರೊಟ್ಟಿಯ ಅಂಚು ಮುರಿದು, ಊದಿ, ಕೊಕ್ಕಿನ ಹತ್ತಿರ ಹಿಡಿದಳು. ತಿಂದಿತು. 

ಮಕ್ಕಳೇ, ನಿಮ್ಮ ಮನೆಗೆ ಈಗ ರೊಟ್ಟಿ ಪೊಟ್ಟಣದಲ್ಲಿ ಬರುತ್ತದೆ. ಯಂತ್ರ ಒತ್ತಿದ್ದು, ಎಲ್ಲವೂ ಒಂದೇ ಅಳತೆ. ನೀವೊಂದು ಗಿಣಿ ಸಾಕಿ, ಅದು ಹೀಗೇ ಹಾರಿಹೋದರೆ ಯಾವ ಸದ್ದು ಮಾಡಿ ಮನೆಯ ಗುರುತು ಹೇಳೀತು ಎಂದು ಮೊನ್ನೆ ನಿಮ್ಮ ಪಡಸಾಲೆಯಲ್ಲಿ ಕಿವಿಗೊಟ್ಟು ಕೂತೆ. ಕುಕ್ಕರಿನ ಸೀಟಿ ಎಲ್ಲರ ಮನೆಯದೂ ಒಂದೇ. ಮೊಬೈಲಿನ ಗಂಟೆಯೂ ಅಷ್ಟೇ. ಆಗ ಒಳಗಿಂದ ನಿಮ್ಮವ್ವ ಕೂಗಿದಳು: "ಫೋನ್ ಕೆಳಗ ಇಡ್ತೀರೋ, ನಾ ಬರ್ಲೋ?"

ಆ 'ಬರ್ಲೋ' ಎಳೆಯುವ ರೀತಿ ಇನ್ನೊಂದು ಮನೆಯಲ್ಲಿಲ್ಲ. ಗಿಣಿ ದೂರದ ಜೇವರ್ಗಿ ದಾಟಿ ಹೋದರೂ ಚಿಂತೆಯಿಲ್ಲ. ಮನೆ ಸಿಗುತ್ತದೆ.